ಬಾರದೆ ಕುರ್ಚಿ ಕಳೆದುಕೊಂಡವರ ಲೆಕ್ಕ ಯಾರಿಟ್ಟಿದ್ದಾರೆ?

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದಂತೆ. ಇದನ್ನು ನಂಬಿ ನಡೆದದ್ದು ಹಳ್ಳಿಯವರಲ್ಲ, ವಿಧಾನಸೌಧದವರು. 1997ರಲ್ಲಿ ನಮ್ಮ ಜಿಲ್ಲೆಯ ಉದ್ಘಾಟನೆಯನ್ನೇ ಜೆ.ಎಚ್. ಪಟೇಲರು ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಗಿಸಿದರು.

1960ರಲ್ಲಿ ಪೀಟರ್ ವೇಸನ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞರು 2, 4, 6 ಎಂಬ ಅಂಕಿ ಕೊಟ್ಟು, ಇದರ ಹಿಂದಿನ ನಿಯಮ ಕಂಡುಹಿಡಿಯಿರಿ ಎಂದರು. ಹೆಚ್ಚಿನವರು ತಮ್ಮ ಊಹೆಗೆ ಹೊಂದುವ ಅಂಕಿಗಳನ್ನೇ ಹೇಳುತ್ತಾ ಹೋದರು. ಊಹೆ ತಪ್ಪೇ ಎಂದು ಪರೀಕ್ಷಿಸಿದವರು ಕಡಿಮೆ. ನಿಯಮವೋ ಸರಳ: ಅಂಕಿ ಏರುತ್ತಾ ಹೋಗಬೇಕು, ಅಷ್ಟೇ.

ನಮ್ಮ ಸರ್ಕಾರಗಳೂ ಹೀಗೇ. ಬಂದು ಸೋತವರನ್ನು ಎಣಿಸಿದರು, ಬಾರದೆ ಸೋತವರನ್ನು ಬಿಟ್ಟರು. ಯಡಿಯೂರಪ್ಪನವರು ದೂರವೇ ಉಳಿದರು; 2011ರಲ್ಲೂ ಕುರ್ಚಿ ಹೋಯಿತು, 2021ರಲ್ಲೂ ಹೋಯಿತು. ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು.

ಗುಂಡ್ಲುಪೇಟೆಯಿಂದ ಜಿಲ್ಲಾ ಕಚೇರಿಗೆ ಬಸ್ಸಿನಲ್ಲಿ ಅಲೆಯುವ ನಮಗೆ ಯಾವ ಶಾಪವೂ ತಟ್ಟಿಲ್ಲ, ಕೆಲಸ ಆಗದಿರುವುದು ಬಿಟ್ಟರೆ.

2021ರ ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತರು. ಆಗಲೂ ಮುಖ್ಯಮಂತ್ರಿ ಬರಲಿಲ್ಲ. ಇನ್ನು ಮುಂದೆ ಯಾರೇ ಆಗಲಿ ಮೈಸೂರಿನಲ್ಲೇ ಸಭೆ ಮುಗಿಸಿ ಹಿಂತಿರುಗಿದರೆ, ಕಾರಣ ಬರೆದುಕೊಡಿ ಎಂದು ನಾವು ಕೇಳುತ್ತೇವೆ. ನೀವೂ ಕೇಳಿ.