ಮುಹೂರ್ತವೂ ಉಬ್ಬರವೂ

ಮದುವೆಯನ್ನು ಊರಿನ ಛತ್ರದಲ್ಲಿ ನಡೆಸುವುದನ್ನು ಬಿಟ್ಟು ದೂರದ ಕಡಲತೀರದಲ್ಲಿ ನಡೆಸುವ ರೂಢಿಯು ನಮ್ಮ ಮೈಸೂರಿನ ಮನೆತನಗಳಲ್ಲಿಯೂ ಈಚೆಗೆ ಕಾಣಿಸಿಕೊಂಡಿದೆ. ಗೋಕರ್ಣ, ಉಡುಪಿ, ಮಂಗಳೂರುಗಳ ಕಡೆಯ ತೀರಗಳಲ್ಲಿ ಮರಳಿನ ಮೇಲೆಯೇ ಮಂಟಪವೇಳುವುದುಂಟು. ಇದರ ವೆಚ್ಚವನ್ನಾಗಲಿ ಔಚಿತ್ಯವನ್ನಾಗಲಿ ಚರ್ಚಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಆಕ್ಷೇಪಣೆ ಬೇರೆ. ಬೀಗರನ್ನೂ ಪುರೋಹಿತರನ್ನೂ ಅಡಿಗೆಯವರನ್ನೂ ಕೇಳಿ ದಿನವನ್ನು ಗೊತ್ತುಮಾಡುವ ಹಿರಿಯರು ಕಡಲನ್ನು ಮಾತ್ರ ಕೇಳುವುದಿಲ್ಲ.

ಇದಕ್ಕೆ ಕಾರಣವುಂಟು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ನಮ್ಮ ಕುಕ್ಕರಹಳ್ಳಿ ಕೆರೆಯ ದಡವು ಬೆಳಿಗ್ಗೆ ಇದ್ದಲ್ಲಿಯೇ ಸಂಜೆಯೂ ಇರುತ್ತದೆ. ಕಡಲಾದರೋ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಈ ಏರಿಳಿತವು ಒಂದೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಅಷ್ಟೇ ತಾನೆ ಎಂದು ವಾಚಕರು ಭಾವಿಸಬಾರದು. ಮೂವತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಜಾರಾಗಿರುವ ಮರಳಿನ ಮೇಲೆ ನೀರು ಒಂದೂವರೆ ಮೀಟರ್ ಏರಿತೆಂದರೆ, ದಡವು 45 ಮೀಟರ್ ಹಿಂದಕ್ಕೆ ಸರಿಯಿತೆಂದೇ ಅರ್ಥ. ಆ 45 ಮೀಟರಿನೊಳಗೆ ಮಂಟಪವೂ ಇರಬಹುದು, ಊಟದ ಪಂಕ್ತಿಯೂ ಇರಬಹುದು.

ಇನ್ನೊಂದು ವಿಷಯವೂ ಇದೆ. ಚಂದ್ರನು ಭೂಮಿಯನ್ನು ಸುತ್ತುತ್ತ ಮುಂದೆ ಸಾಗುವುದರಿಂದ ಉಬ್ಬರವು ದಿನದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಹಿರಿಯರು ಸ್ಥಳವನ್ನು ನೋಡಲು ಹೋದ ದಿನ ಹತ್ತು ಗಂಟೆಗೆ ಇಳಿತವಿದ್ದರೆ, ವಾರ ಕಳೆದ ಮೇಲೆ ಅದೇ ಹತ್ತು ಗಂಟೆಗೆ ಉಬ್ಬರವಿರುತ್ತದೆ. ಅಂದು ಕಂಡ ವಿಶಾಲವಾದ ಮರಳು ಧಾರೆಯ ಹೊತ್ತಿಗೆ ಇರಲೇಬೇಕೆಂಬ ನಿಯಮವಿಲ್ಲ.

ಈ ಲೆಕ್ಕಕ್ಕೆ ಬೇಕಾದ ಮುಖ್ಯ ಸಾಧನವು ನಮ್ಮ ಮನೆಯಲ್ಲಿಯೇ ಇದೆ, ಅದೇ ಪಂಚಾಂಗ. ತಿಥಿಯೆಂದರೆ ಸೂರ್ಯಚಂದ್ರರ ನಡುವಣ ಕೋನದ ಅಳತೆ. ಹನ್ನೆರಡು ಅಂಶಕ್ಕೆ ಒಂದು ತಿಥಿ. ಸಮುದ್ರವನ್ನು ಏರಿಸಿ ಇಳಿಸುವುದೂ ಆ ಇಬ್ಬರೇ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ರೇಖೆಯಲ್ಲಿ ನಿಂತು ಒಟ್ಟಿಗೆ ಸೆಳೆಯುತ್ತಾರೆ. ಅಷ್ಟಮಿಯ ಸುಮಾರಿಗೆ ಲಂಬಕೋನದಲ್ಲಿ ನಿಂತು, ಒಬ್ಬನ ಪ್ರಭಾವವನ್ನು ಇನ್ನೊಬ್ಬನು ಕುಗ್ಗಿಸುತ್ತಾನೆ. ಈ ಎರಡರ ಫಲವೂ ಒಂದೆರಡು ದಿನ ತಡವಾಗಿ ನೀರಿನಲ್ಲಿ ತೋರುತ್ತದೆ.

ಹೀಗಾಗಿ ಮದುವೆಗೆ ಮೆಚ್ಚಿನವಾದ ಬಿದಿಗೆ ತದಿಗೆಗಳು ದೊಡ್ಡ ಉಬ್ಬರದ ದಿನಗಳು ಅಥವಾ ಅದಕ್ಕೆ ಸಮೀಪದವು. ಎಲ್ಲರೂ ಹಂಬಲಿಸುವ ಅಕ್ಷಯ ತದಿಗೆಯೂ ಇದಕ್ಕೆ ಹೊರತಲ್ಲ. ಅಷ್ಟೇ ಪ್ರಶಸ್ತವಾದ ದಶಮಿ ಏಕಾದಶಿಗಳು ಸಣ್ಣ ಉಬ್ಬರದ ಆಸುಪಾಸಿನವು. ಕಡಲ ತಡಿಯಲ್ಲಿ ಮದುವೆ ಮಾಡುವವರು ಮೊದಲನೆಯವನ್ನು ಬಿಟ್ಟು ಎರಡನೆಯವನ್ನು ಆರಿಸಿದರೆ ಶಾಸ್ತ್ರಕ್ಕೂ ಲೋಪವಿಲ್ಲ, ನೀರಿಗೂ ವಿರೋಧವಿಲ್ಲ. ಗಳಿಗೆಯ ನಿಖರವಾದ ವಿವರಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯು ವರ್ಷವರ್ಷವೂ ಮುಂಚಿತವಾಗಿ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕಗಳಿವೆ.

ಆದರೆ ಅಲೆಗಳಿಗೆ ತಿಥಿಯಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ, ಹಿಂದೂ ಮಹಾಸಾಗರದ ದೂರದ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗುವುದುಂಟು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ; ಕಳ್ಳನಂತೆ ಬರುವ ಕಡಲು ಎಂದು ಅದರರ್ಥ. 2021ರ ಮೇ ತಿಂಗಳ ನಡುವಿನಲ್ಲಿ, ಮದುವೆಗಳ ಕಾಲದಲ್ಲಿಯೇ, ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಅಪ್ಪಳಿಸುತ್ತ ಸಾಗಿತು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾಬಾಲಕಿಯರು ಸಮುದ್ರದ ಪಾಲಾದರು. ಒಳನಾಡಿನ ಮಕ್ಕಳಿಗೆ ಅಲೆಯು ಆಟದ ವಸ್ತುವಾಗಿ ಕಾಣುವುದು ಸಹಜ. ಮದುವೆಯ ಗದ್ದಲದಲ್ಲಿ ಹಿರಿಯರ ಕಣ್ಣು ಮಕ್ಕಳ ಮೇಲೆ ಇರುವುದೂ ಕಡಮೆ.

ಆದುದರಿಂದ ತೀರವನ್ನು ಬಾಡಿಗೆಗೆ ಹಿಡಿಯುವ ಮೊದಲು ನಮ್ಮವರು ತಿಥಿಯನ್ನು ಕಡಲಿನ ದೃಷ್ಟಿಯಿಂದಲೂ ನೋಡತಕ್ಕದ್ದು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಹೊರಡಿಸುವ ಅಲೆಗಳ ಮುನ್ಸೂಚನೆಯನ್ನು ಮದುವೆಯ ಹಿಂದಿನ ದಿನಗಳಲ್ಲಿ ತಪ್ಪದೆ ತಿಳಿಯಬೇಕು. ಸ್ಥಳೀಯ ಮೀನುಗಾರರೊಬ್ಬರನ್ನು ಕರೆದು, ನೀರು ಎಲ್ಲಿಯವರೆಗೆ ಬರುವುದೆಂದು ಕೇಳಿ, ಮಂಟಪವನ್ನು ಅದಕ್ಕಿಂತ ಬಹಳ ಮೇಲೆ ಹಾಕಿಸಬೇಕು. ಮಕ್ಕಳನ್ನು ಕಾಯುವುದಕ್ಕೆಂದೇ ಈಜು ಬಲ್ಲ ಇಬ್ಬರನ್ನು ನೇಮಿಸಬೇಕು. ಹೂವಿನ ಅಲಂಕಾರಕ್ಕೆ ತಗಲುವ ವೆಚ್ಚದಲ್ಲಿ ಇದು ಒಂದು ಸಣ್ಣ ಪಾಲೂ ಆಗದು. ಇಷ್ಟು ಮಾಡಲು ಮನಸ್ಸಿಲ್ಲದವರಿಗೆ ಮೈಸೂರಿನ ಛತ್ರಗಳೇ ಲೇಸು.