ಬೇಸಿಗೆಯ ತಂಪು ತಿನಿಸು ಮತ್ತು ರಾಜಿ ತೆರಿಗೆಯ ಬಿಸಿ

ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ಈ ಪತ್ರಿಕೆಯ ಓದುಗರಿಗೆ ವರ್ಣಿಸಿ ಹೇಳುವ ಅಗತ್ಯವಿಲ್ಲ. ಆಳಂದದ ಬಸ್ ನಿಲ್ದಾಣವಿರಲಿ, ದತ್ತಾತ್ರೇಯನ ದರ್ಶನಕ್ಕೆ ಜನ ಸೇರುವ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವಿರಲಿ, ವಿಜಯಪುರದ ಹೆದ್ದಾರಿಯ ಮೇಲಿರುವ ಜೇವರ್ಗಿಯಿರಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಲಿಂಬೆ ಶರಬತ್ತು, ಕುಲ್ಫಿ, ಐಸ್ ಕ್ಯಾಂಡಿ ಮಾರಾಟವಾಗದ ಬೀದಿಯೇ ಇಲ್ಲ. ಆದರೆ ಈ ವ್ಯಾಪಾರದ ಬಹುಪಾಲು ನಿಂತಿರುವುದು ಹಣ್ಣಿನ ಮೇಲಲ್ಲ, ಸಕ್ಕರೆ, ಬಣ್ಣ ಮತ್ತು ಬಾಟಲಿಯ ಎಸೆನ್ಸಿನ ಮೇಲೆ. ಹಣ್ಣು ನಮ್ಮ ನೆರೆಯಲ್ಲೇ ಇರುವಾಗ ಹೀಗೇಕೆ ಎಂಬುದು ನನ್ನ ಮೊದಲ ಪ್ರಶ್ನೆ. ನಿಜವಾದ ಹಣ್ಣು ಹಾಕಿ ತಂಪು ತಿನಿಸು ತಯಾರಿಸಲು ಮುಂದಾಗುವ ಸಣ್ಣ ಉದ್ಯಮಿಗೆ ತೆರಿಗೆ ಕಾನೂನು ಏಕೆ ಅಡ್ಡ ಬರುತ್ತದೆ ಎಂಬುದು ಎರಡನೆಯ ಪ್ರಶ್ನೆ.

ಹಣ್ಣಿಗೆ ಕೊರತೆಯಿಲ್ಲ

ಅಫಜಲಪುರಕ್ಕೆ ನೆರೆಯಾದ ಇಂಡಿ ತಾಲ್ಲೂಕಿನ ಲಿಂಬೆ ದೇಶದಲ್ಲೆಲ್ಲ ಹೆಸರಾಗಿದೆ. ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ಲಿಂಬೆಗೆಂದೇ ರಾಜ್ಯ ಸರ್ಕಾರ ಸ್ಥಾಪಿಸಿದ ಅಭಿವೃದ್ಧಿ ಮಂಡಳಿಯ ಕೇಂದ್ರವೂ ಇಂಡಿಯಲ್ಲಿದೆ. ಸ್ಟ್ರಾಬೆರಿಯಂತಹ ಹಣ್ಣು ನಮ್ಮ ಎರೆಭೂಮಿಗೆ ಒಗ್ಗದಿರಬಹುದು. ಆದರೆ ಚಳಿಗಾಲದಲ್ಲಿ ಬಾರೆಹಣ್ಣು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಪ್ಪು ದ್ರಾಕ್ಷಿ, ಮುಂಗಾರಿನ ಆರಂಭದಲ್ಲಿ ನೇರಳೆ ನಮಗೆ ಒದಗುತ್ತವೆ.

ತೊಡಕಿರುವುದು ಕಾಲದಲ್ಲಿ. ಲಿಂಬೆಯ ಮುಖ್ಯ ಫಸಲು ಬರುವುದು ಮಳೆಗಾಲದಲ್ಲಿ. ಆಗ ಕೊಳ್ಳುವವರಿಲ್ಲದೆ ದರ ಕುಸಿಯುತ್ತದೆ. ಬೇಸಿಗೆಯಲ್ಲಿ ಬೇಡಿಕೆ ಏರಿದಾಗ ಕಾಯಿ ಕಡಿಮೆ. 2022ರ ಏಪ್ರಿಲ್‌ನಲ್ಲಿ ದೇಶದ ಹಲವು ನಗರಗಳಲ್ಲಿ ಲಿಂಬೆಯ ಚಿಲ್ಲರೆ ದರವು ಕಿಲೋಗೆ 200 ರೂಪಾಯಿ ದಾಟಿದ್ದನ್ನು ಯಾವ ಶರಬತ್ತಿನ ವ್ಯಾಪಾರಿಯೂ ಮರೆತಿರಲಾರ. ನೇರಳೆಯಂತೂ ಕೆಲವೇ ವಾರಗಳ ಹಣ್ಣು. ಬೇಸಿಗೆ ಮುಗಿದ ಮೇಲೆ ಮಾರುಕಟ್ಟೆಗೆ ಬಂದು, ಎರಡು ದಿನ ಇಟ್ಟರೆ ಕೆಡುತ್ತದೆ.

ಆದ್ದರಿಂದ ಈ ಉದ್ಯಮದ ಲೆಕ್ಕಾಚಾರ ಸರಳವಾಗಿದೆ: ಮಳೆಗಾಲದಲ್ಲಿ ಕೊಳ್ಳಬೇಕು, ಬೇಸಿಗೆಯಲ್ಲಿ ಮಾರಬೇಕು. ಲಿಂಬೆಯ ರಸವನ್ನು ಸಕ್ಕರೆ ಪಾಕದೊಡನೆ ಸ್ಕ್ವಾಷ್ ಮಾಡಿ ಬಾಟಲಿಗೆ ತುಂಬಿದರೆ ಮುಂದಿನ ಬೇಸಿಗೆಯವರೆಗೆ ಬಾಳುತ್ತದೆ. ನೇರಳೆಯ ಬೀಜ ತೆಗೆದು ತಿರುಳನ್ನು ಡೀಪ್ ಫ್ರೀಜರಿನಲ್ಲಿಟ್ಟರೆ ಏಪ್ರಿಲ್‌ನಲ್ಲಿ ಅದೇ ಕ್ಯಾಂಡಿಯಾಗುತ್ತದೆ, ಶ್ರೀಖಂಡಕ್ಕೂ ಸೇರುತ್ತದೆ. ನೇರಳೆಯ ತಿರುಳಿಗೆ ತುಸು ಲಿಂಬೆರಸ ಬೆರೆಸಿದರೆ ಬಣ್ಣವು ತಾನಾಗಿ ಕೆಂಪೇರಿ ಹೊಳೆಯುತ್ತದೆ, ಕೃತಕ ಬಣ್ಣದ ಅಗತ್ಯವೇ ಬೀಳುವುದಿಲ್ಲ. ಒಂದು ಎಚ್ಚರಿಕೆ: ಲಿಂಬೆ ಸ್ಕ್ವಾಷಿಗೆ ಬಳಸುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ನೇರಳೆ, ಕಪ್ಪು ದ್ರಾಕ್ಷಿಗಳ ಬಣ್ಣವನ್ನು ತೊಳೆದುಹಾಕುತ್ತದೆ. ಅಂತಹ ಹಣ್ಣುಗಳಿಗೆ ನಿಗದಿತ ಮಿತಿಯಲ್ಲಿ ಸೋಡಿಯಂ ಬೆಂಜೊಯೇಟ್ ಬಳಸುವುದು ರೂಢಿ. ಸ್ಕ್ವಾಷ್ ಎಂದು ಹೆಸರಿಟ್ಟು ಮಾರಲು ಕನಿಷ್ಠ ಶೇ. 25ರಷ್ಟು ಹಣ್ಣಿನ ಅಂಶ ಇರಬೇಕೆಂಬ ನಿಯಮವನ್ನೂ ಮರೆಯಬಾರದು.

ಇದು ಕೈಗೆಟುಕದ ಮಾತೆಂದು ಭಾವಿಸುವವರು ಪಂಚಗನಿಯ ಕಡೆ ನೋಡಬೇಕು. ಅಲ್ಲಿ 1959ರಲ್ಲಿ ಸಣ್ಣ ಪ್ರಮಾಣದಲ್ಲಿ ಸ್ಟ್ರಾಬೆರಿ ಜಾಮ್ ಮಾಡಲು ಆರಂಭಿಸಿದ ಮ್ಯಾಪ್ರೋ ಸಂಸ್ಥೆಯ ಸಿರಪ್ಪು, ಕ್ರಷ್‌ಗಳು ಇಂದು ದೇಶದ ಅಂಗಡಿಗಳಲ್ಲೆಲ್ಲ ದೊರೆಯುತ್ತವೆ. ಊರಿನ ಹಣ್ಣನ್ನು ಊರಿನಲ್ಲೇ ಸಂಸ್ಕರಿಸಿದ್ದೇ ಆ ಬೆಳವಣಿಗೆಯ ಬುನಾದಿ.

ಕಾನೂನಿನ ತೊಡಕು

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ಮಾತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರ ಪರಿಷ್ಕರಣೆಯಲ್ಲಿ ಜಾಮ್, ಹಣ್ಣಿನ ರಸಗಳ ತೆರಿಗೆ ಶೇ. 12ರಿಂದ 5ಕ್ಕೆ, ಐಸ್ ಕ್ರೀಮಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. ಇದು ಸ್ವಾಗತಾರ್ಹ. ಆದರೆ ಕಾಂಪೋಸಿಷನ್ ಎಂದು ನಾವೆಲ್ಲ ಕರೆಯುವ ರಾಜಿ ತೆರಿಗೆ ಪದ್ಧತಿಯ ಬಾಗಿಲು ಮಾತ್ರ ಐಸ್ ಕ್ಯಾಂಡಿ ತಯಾರಕನಿಗೆ ತೆರೆದಿಲ್ಲ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿಯೊಳಗಿರುವ ತಯಾರಕನು ಶೇ. 1ರಷ್ಟು ತೆರಿಗೆ ಕಟ್ಟಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಿ ನೆಮ್ಮದಿಯಿಂದಿರಲು ಈ ಪದ್ಧತಿ ಅವಕಾಶ ಕೊಡುತ್ತದೆ. ಐಸ್ ಕ್ರೀಮ್ ಹಾಗೂ ತಿನ್ನುವ ಎಲ್ಲ ಬಗೆಯ ಐಸನ್ನು ತಯಾರಿಸುವವರನ್ನು ಪಾನ್ ಮಸಾಲಾ ಮತ್ತು ತಂಬಾಕು ತಯಾರಕರ ಸಾಲಿನಲ್ಲಿ ನಿಲ್ಲಿಸಿ ಇದರಿಂದ ಹೊರಗಿಡಲಾಗಿದೆ. ಸರಕು ವ್ಯಾಪಾರಿಗಳಿಗೆ ನೋಂದಣಿಗಿರುವ 40 ಲಕ್ಷ ರೂಪಾಯಿಯ ಮಿತಿಯೂ ಅವರಿಗಿಲ್ಲ, 20 ಲಕ್ಷದ ಮಿತಿಯೇ ಗತಿ. ಕೇವಲ ಕೊಂಡು ಮಾರುವವರಿಗೂ ಈ 20 ಲಕ್ಷದ ನಿಯಮ ಅನ್ವಯಿಸುತ್ತದೆ ಎಂಬುದನ್ನು ಅಂಗಡಿಯ ಮೂಲೆಯಲ್ಲಿ ಐಸ್ ಕ್ರೀಮ್ ಪೆಟ್ಟಿಗೆ ಇಟ್ಟಿರುವ ಕಿರಾಣಿ ವರ್ತಕರು ಗಮನಿಸಬೇಕು.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಕಕ್ಷಿದಾರರೊಬ್ಬರು ಈ ಭಾಗದಲ್ಲಿ ಬೇಕರಿ ನಡೆಸುತ್ತಾ ರಾಜಿ ತೆರಿಗೆ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಬ್ರೆಡ್, ಕೇಕಿನ ಮಾರಾಟ ಇಳಿಯುತ್ತದೆಂದು, ಒಂದು ವರ್ಷ ಎರಡು ತಿಂಗಳ ಮಟ್ಟಿಗೆ ಲಿಂಬೆ ಮತ್ತು ದ್ರಾಕ್ಷಿರಸದ ಕ್ಯಾಂಡಿ ಮಾಡಿಸಿದರು. ಅಪ್ಪಟ ಹಣ್ಣಿನ ರಸ; ಚೆನ್ನಾಗಿಯೇ ಮಾರಾಟವಾಯಿತು. ವರ್ಷಾಂತ್ಯದ ಲೆಕ್ಕ ನೋಡುವಾಗ ಅದು ನನ್ನ ಗಮನಕ್ಕೆ ಬಂತು. ಕಾನೂನಿನ ಪ್ರಕಾರ ನಿಷೇಧಿತ ವಸ್ತುವೊಂದನ್ನು ತಯಾರಿಸಿದರೆ, ಆ ವಸ್ತುವಿಗಷ್ಟೇ ಅಲ್ಲ, ಇಡೀ ವ್ಯವಹಾರಕ್ಕೆ ರಾಜಿ ತೆರಿಗೆಯ ಅರ್ಹತೆ ತಪ್ಪುತ್ತದೆ. ಕ್ಯಾಂಡಿ ಮಾಡಿದ ದಿನದಿಂದ ಕೇಕು, ಬಿಸ್ಕತ್ತಿಗೂ ಆಗಿದ್ದ ಶೇ. 18ರ ದರದಲ್ಲಿ ತೆರಿಗೆ ಮತ್ತು ಬಡ್ಡಿಯನ್ನು ಅವರು ಕೈಯಿಂದ ತುಂಬಬೇಕಾಯಿತು. ಮಾರಿದ ಸರಕಿನ ತೆರಿಗೆಯನ್ನು ಗ್ರಾಹಕರಿಂದ ಮತ್ತೆ ಕೇಳಲು ಸಾಧ್ಯವೇ? ಬೇಸಿಗೆಗೆ ಮುಂಚೆಯೇ ಅವರನ್ನು ವಿಚಾರಿಸಿ ಎಚ್ಚರಿಸದಿದ್ದುದು ನನ್ನ ತಪ್ಪು, ಅದನ್ನು ಅವರ ಮುಂದೆಯೂ ಒಪ್ಪಿಕೊಂಡೆ. ಮರುವರ್ಷ ಅವರು ಕ್ಯಾಂಡಿಯ ಯಂತ್ರವನ್ನು ಬಂದಷ್ಟಕ್ಕೆ ಮಾರಿಬಿಟ್ಟರು.

ಐಸ್ ಕ್ರೀಮಿನ ಮುಖ್ಯ ಸಾಮಗ್ರಿಯಾದ ಹಾಲಿಗೆ ತೆರಿಗೆಯಿಲ್ಲ, ಆದ್ದರಿಂದ ರಾಜಿ ಪದ್ಧತಿಗೆ ಸೇರಿಸಿದರೆ ಬೊಕ್ಕಸಕ್ಕೆ ನಷ್ಟ ಎಂಬುದು ಈ ನಿರ್ಬಂಧಕ್ಕೆ ಸರ್ಕಾರ ಕೊಟ್ಟ ಕಾರಣ. 2021ರಲ್ಲಿ ಸಣ್ಣ ಐಸ್ ಕ್ರೀಮ್ ತಯಾರಕರ ಸಂಘವೊಂದರ ಅರ್ಜಿಯ ಮೇಲೆ ದೆಹಲಿ ಹೈಕೋರ್ಟ್ ಈ ವಿಷಯವನ್ನು ಮರುಪರಿಶೀಲಿಸುವಂತೆ ಜಿ.ಎಸ್.ಟಿ. ಮಂಡಳಿಗೆ ಸೂಚಿಸಿತಾದರೂ ನಿರ್ಬಂಧ ತೆರವಾಗಲಿಲ್ಲ. ಸರ್ಕಾರದ ವಾದದಲ್ಲಿ ತಿರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಲಿಂಬೆ, ನೇರಳೆಯ ಕ್ಯಾಂಡಿಗೆ ಹಾಲೇ ಬೇಕಿಲ್ಲ. ಅಲ್ಲದೆ ದರ ಶೇ. 18 ಇದ್ದಾಗಿನ ನಷ್ಟದ ಅಂಜಿಕೆ ಶೇ. 5ಕ್ಕೆ ಇಳಿದ ಮೇಲೂ ಹಾಗೆಯೇ ಉಳಿಯಬೇಕಾದುದಿಲ್ಲ. ತಂಬಾಕಿನ ಬಗ್ಗೆ ಇರಬೇಕಾದ ಬಿಗಿಯನ್ನು ಮಕ್ಕಳು ಚೀಪುವ ಕ್ಯಾಂಡಿಗೆ ತೋರುವುದು ನ್ಯಾಯವೆನಿಸದು.

ನಾವು ಮಾಡಬೇಕಾದುದು

ಈ ದಿಶೆಯಲ್ಲಿ ನಮ್ಮ ಚೇಂಬರ್ ಎರಡು ಬೇಡಿಕೆಗಳನ್ನು ರಾಜ್ಯದ ಹಣಕಾಸು ಇಲಾಖೆಯ ಮೂಲಕ ಜಿ.ಎಸ್.ಟಿ. ಮಂಡಳಿಯ ಮುಂದಿಡಬೇಕು. ಮೊದಲನೆಯದು, ತಿನ್ನುವ ಐಸನ್ನು ನಿಷೇಧಿತ ಪಟ್ಟಿಯಿಂದ ತೆಗೆಯುವುದು. ಅದು ಒಮ್ಮೆಗೇ ಆಗದಿದ್ದರೆ, ಋತುಮಾನದ ತಯಾರಿಕೆಯಿಂದಾಗಿ ಇಡೀ ವ್ಯವಹಾರದ ಅರ್ಹತೆ ತಪ್ಪದಂತೆ ನಿಯಮ ಸಡಿಲಿಸುವುದು ಎರಡನೆಯದು. ಜೊತೆಗೆ, ಫುಡ್ ಪಾರ್ಕಿಗೆಂದು ಆಯ್ಕೆಯಾಗಿದ್ದ ಜೇವರ್ಗಿಯಲ್ಲಿ ಮೂರೂ ತಾಲ್ಲೂಕಿನವರು ಬಾಡಿಗೆಗೆ ಬಳಸಬಹುದಾದ ರಸ ತೆಗೆಯುವ ಘಟಕ ಮತ್ತು ಶೀತಲಗೃಹಕ್ಕಾಗಿಯೂ ಒತ್ತಾಯಿಸಬೇಕು.

ಅಲ್ಲಿಯವರೆಗೆ ರಾಜಿ ತೆರಿಗೆಯಲ್ಲಿರುವ ತಯಾರಕರು ಕ್ಯಾಂಡಿ, ಕುಲ್ಫಿಯ ಗೊಡವೆಗೆ ಹೋಗದೆ ಲಿಂಬೆಯ ಸ್ಕ್ವಾಷ್, ನೇರಳೆಯ ಜಾಮ್, ದ್ರಾಕ್ಷಿಯ ಸಿರಪ್ಪಿನಿಂದ ಆರಂಭಿಸುವುದು ಕ್ಷೇಮ. ಇವಕ್ಕೆ ಆ ನಿರ್ಬಂಧವಿಲ್ಲ. ಗ್ಯಾಸ್ ತುಂಬಿದ ಸೋಡಾ ತಯಾರಿಕೆಗೆ ಮಾತ್ರ 2019ರಿಂದ ರಾಜಿ ಪದ್ಧತಿ ಮುಚ್ಚಿದೆ ಎಂಬುದು ನೆನಪಿರಲಿ.

ಕೊನೆಯದಾಗಿ ನಮ್ಮವರಿಗೇ ಒಂದು ಮಾತು. ಸರ್ಕಾರದ ಮುಂದೆ ರಿಯಾಯಿತಿ ಕೇಳುವವರ ಬಾಟಲಿಯಲ್ಲಿ ನಿಜವಾದ ಹಣ್ಣು ಇರಬೇಕು. ಬಣ್ಣದ ನೀರು ಮಾರುತ್ತಾ ಹಣ್ಣಿನ ಹೆಸರಿನಲ್ಲಿ ನ್ಯಾಯ ಕೇಳಿದರೆ ಯಾರೂ ಕಿವಿಗೊಡಲಾರರು. ಮುಂದಿನ ಮಳೆಗಾಲದಲ್ಲಿ ಲಿಂಬೆಯ ದರ ಕುಸಿದಾಗ ನಮ್ಮ ವರ್ತಕರು ಇಂಡಿಯ ಮಾರುಕಟ್ಟೆಗೆ ಹೋಗಿ ನಾಲ್ಕು ಚೀಲವನ್ನಾದರೂ ಕೊಂಡು ಪ್ರಯೋಗ ಮಾಡಲಿ. ಲೆಕ್ಕಪತ್ರದ ಸಂದೇಹವಿದ್ದರೆ ಯಂತ್ರ ಕೊಳ್ಳುವ ಮುಂಚೆಯೇ ತಮ್ಮ ಲೆಕ್ಕಪರಿಶೋಧಕರನ್ನು ಕೇಳಲಿ.