ಅಂಕೆ, ನಾದ, ಚಿತ್ರ

ಕಂಪ್ಯೂಟರಿನಿಂದ ಹಾಡಿಸುವ, ಚಿತ್ರ ಬಿಡಿಸುವ ಹವ್ಯಾಸವನ್ನು ಕಾಲಹರಣವೆಂದು ಹಳಿಯುವ ಉಪಾಧ್ಯಾಯರಿದ್ದಾರೆ. ನಮಗೆ ಹಾಗೆ ತೋರದು.

ಶಂಕರಪುರಂನ ಮಕ್ಕಳು ಸರಳೆವರಸೆ ಕಲಿಯುವುದು ಮಾಯಾಮಾಳವಗೌಳದಲ್ಲಿ. ಕಟಪಯಾದಿ ಸೂತ್ರದಂತೆ ‘ಮ’ ಐದು, ‘ಯ’ ಒಂದು. ತಿರುವಿ ಓದಿದರೆ 15, ಆ ಮೇಳದ ಸಂಖ್ಯೆ. ಬಡಾವಣೆಯ ಹೆಸರನ್ನೇ ಎಣಿಸಿರಿ: ‘ಶ’ ಐದು, ‘ಕ’ ಒಂದು, ಅದೂ 15! ಶಂಕರಾಭರಣಕ್ಕೆ 29 ಬರಲೆಂದೇ ಹಿಂದಿನವರು ‘ಧೀರ’ ಎಂದು ಮುಂದೆ ಸೇರಿಸಿದರು. 17ನೆಯ ಶತಮಾನದಲ್ಲಿ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಗಣಿಸಿ ತೋರಿದ 72 ಮೇಳಗಳು ಕಂಪ್ಯೂಟರಿಗೆ ಹೇಳಿಮಾಡಿಸಿದಂಥ ಲೆಕ್ಕ. ಸಂಖ್ಯೆಯಲ್ಲಿ ಒಂದು ಕಳೆದು ಆರರಿಂದ ಭಾಗಿಸಿದರೆ ಭಾಗಲಬ್ಧದಿಂದ ರಿ-ಗಗಳೂ ಶೇಷದಿಂದ ದ-ನಿಗಳೂ ದೊರೆಯುತ್ತವೆ. 36 ದಾಟಿದರೆ ಪ್ರತಿಮಧ್ಯಮ. ವಿದ್ಯಾರ್ಥಿಯೊಬ್ಬನು ಕೆಲವೇ ಸಾಲುಗಳ ಕ್ರಮವಿಧಿ ಬರೆದು, ಹೆಸರು ಕೊಟ್ಟೊಡನೆ 12 ಚಕ್ರಗಳ ಚಿತ್ರದಲ್ಲಿ ಮೇಳವು ಬೆಳಗಿ ಸ್ವರಗಳು ನುಡಿಯುವಂತೆ ಮಾಡಬಲ್ಲನು. ಗಣಿತ, ಚಿತ್ರ, ಸಂಗೀತಗಳನ್ನು ಬೇರೆಬೇರೆ ಪೀರಿಯಡ್ಡುಗಳಾಗಿ ಹರಿದು ಹಂಚಿದವರು ನಾವಲ್ಲವೆ?

ಯಂತ್ರದ ರಿಷಭ ನೆಟ್ಟಗೆ ನಿಲ್ಲುತ್ತದೆ, ನಿಜ. ಮಾಯಾಮಾಳವಗೌಳದ ರಿಷಭಕ್ಕೆ ಬೇಕಾದ ಕಂಪನ ಅದರಲ್ಲಿಲ್ಲ. ಆ ಕೊರತೆಯನ್ನು ತನ್ನ ಕಿವಿಯಿಂದಲೇ ಕಂಡುಕೊಂಡ ಹುಡುಗ ಪಕ್ಕದ ಬೀದಿಯ ವೀಣೆಯ ಮೇಷ್ಟರ ಬಾಗಿಲು ತಟ್ಟಿಯಾನು. ಅವರು ಗದರಿಸಿ ಕಳುಹಿಸದಿರಲಿ.